ಆಪರೇಷನ್ ಮೂಗಿಗೆ, ಊದಿದ್ದು ಕಣ್ಣು: ಮಧ್ಯದಲ್ಲಿ ಸ್ಟೆರಾಯ್ಡ್‌ಗೇನು ಕೆಲಸ?

ಆಪರೇಷನ್ ಆದ ಮೂರನೇ ದಿನ ಬೆಳಿಗ್ಗೆ ಅಕ್ಕನ ಫೋನು. “ಲೋ, ಇವಳಿಗೆ ಮೂಗಿನ ಆಪರೇಷನ್ ತಾನೇ ಮಾಡಿದ್ದು? ಬಂದು ಕಣ್ಣು ನೋಡು, ಯಾರೋ ಹಿಡಿದು ಗುದ್ದಿದ ಹಾಗಿದೆ.”

ಹೋಗಿ ನೋಡಿದೆ. ಮೂಗಿನ ಉಬ್ಬು ತೆಗೆಸಿ ಆಕಾರ ತಿದ್ದಿಸಿಕೊಂಡಿದ್ದ ಅಕ್ಕನ ಮಗಳು ಮೂರು ದಿಂಬು ಒರಗಿಸಿಕೊಂಡು ಕೂತಿದ್ದಳು. ಮೂಗಿನ ಮೇಲೆ ಬಿಳಿ ಪ್ಲಾಸ್ಟರ್. ಎರಡೂ ಕಣ್ಣಿನ ಕೆಳಗೆ ನೇರಳೆ ಹಣ್ಣು ಉಜ್ಜಿದ ಬಣ್ಣ. ಎಡಗಣ್ಣಿನ ರೆಪ್ಪೆ ಊದಿ ಅರ್ಧ ಮುಚ್ಚಿತ್ತು. ನನ್ನನ್ನು ನೋಡಿದ್ದೇ ಡಿಸ್ಚಾರ್ಜ್ ಸಮ್ಮರಿ ಮುಂದೆ ಹಿಡಿದಳು. “ಮಾಮ, ಇಲ್ಲಿ ಡೆಕ್ಸಾ 8 ಎಂಜಿ ಅಂತ ಇದೆ. ಸ್ಟೆರಾಯ್ಡ್ ಅಂತೆ. ಊದಬಾರದು ಅಂತಾನೇ ಕೊಡೋದಂತೆ. ಕೊಟ್ಟೂ ಇಷ್ಟು ಊದಿದೆ ಅಂದ್ರೆ ಕೆಲಸ ಮಾಡಿಲ್ಲ ಅಂತ ತಾನೇ? ಇನ್ನು ದಪ್ಪ ಬೇರೆ ಆಗ್ತೀನಾ?”

ನಾನು ಡಾಕ್ಟರಲ್ಲ. ಫಾರ್ಮಸಿ ಓದಿ ಔಷಧಿ ಅಂಗಡಿ ಇಟ್ಟುಕೊಂಡವನು. ಆದರೆ ಅವಳು ಕೇಳಿದ ಎರಡೂ ಪ್ರಶ್ನೆ ಒಳ್ಳೆಯವು. ಉತ್ತರ ಹೇಳಬೇಕಾದರೆ ಮೊದಲು ಆಪರೇಷನ್ ಟೇಬಲ್ ಮೇಲೆ ಏನಾಗುತ್ತದೆ ಅಂತ ನೋಡಬೇಕು.

ಮೂಗಿನ ಕೆಳಗಿನ ಅರ್ಧ ಕಾರ್ಟಿಲೇಜ್ ಎನ್ನುವ ಮೆತ್ತನೆ ಮೂಳೆ. ಕಿವಿಯನ್ನು ಮಡಚಿ ನೋಡಿ, ಅದೇ ಪದಾರ್ಥ. ಮೇಲಿನ ಅರ್ಧ, ಅಂದರೆ ಕನ್ನಡಕ ಕೂರುವ ಜಾಗ, ಗಟ್ಟಿ ಮೂಳೆ. ಮೂಗಿನ ಮೇಲೆ ಉಬ್ಬು ಇರುವವರಿಗೆ ಆ ಉಬ್ಬನ್ನು ಉಜ್ಜಿ ತೆಗೆಯುತ್ತಾರೆ. ತೆಗೆದ ಮೇಲೆ ಮನೆಯ ಮಾಳಿಗೆ ಕಿತ್ತ ಹಾಗೆ ಮೇಲ್ಗಡೆ ತೆರೆದುಕೊಳ್ಳುತ್ತದೆ. ಎರಡು ಕಡೆಯ ಮೂಳೆಗೋಡೆಗಳನ್ನು ಬುಡದಲ್ಲಿ ಕತ್ತರಿಸಿ ಒಳಕ್ಕೆ ಸರಿಸಿದರೆ ಮಾತ್ರ ಮೂಗು ಮತ್ತೆ ಮುಚ್ಚಿಕೊಂಡು ಸಣ್ಣಗಾಗುತ್ತದೆ. ಕತ್ತರಿಸುವುದು ಯಾವುದರಿಂದ? ಉಳಿ, ಸುತ್ತಿಗೆ. ನಿಜವಾಗಿಯೂ. ಎರಡು ಮೂರು ಮಿಲಿಮೀಟರ್ ಅಗಲದ ಸಣ್ಣ ಉಳಿ. ಅದನ್ನು ಚರ್ಮದಡಿ ಮೂಳೆಗೆ ಆನಿಸಿ ಸುತ್ತಿಗೆಯಿಂದ ಟಕ್ ಟಕ್ ಅಂತ ತಟ್ಟುತ್ತಾ ಹೋಗುತ್ತಾರೆ.

ಆ ಉಳಿ ಹೋಗುವ ದಾರಿಯ ಪಕ್ಕದಲ್ಲೇ, ಕಣ್ಣಿನ ಒಳಮೂಲೆ ಹತ್ತಿರ, ಮುಖದ ಒಂದು ಮುಖ್ಯ ರಕ್ತನಾಳದ ಕೊನೆಯ ಕವಲು ಇದೆ. ಅದಕ್ಕೋ ಅದರ ಮರಿಗಳಿಗೋ ಏಟು ಬಿದ್ದರೆ ರಕ್ತ ಒಸರುತ್ತದೆ. ಒಸರಿದ್ದು ಎಲ್ಲಿ ಹೋಗಬೇಕು? ಮೂಗಿನ ಮೇಲೆ ಚರ್ಮ ಬಿಗಿ, ಮೇಲಿನಿಂದ ಪ್ಲಾಸ್ಟರ್ ಒತ್ತಿ ಹಿಡಿದಿದೆ. ಪಕ್ಕದಲ್ಲೇ ಕಣ್ಣಿನ ರೆಪ್ಪೆ ಇದೆ. ದೇಹದಲ್ಲೇ ಅತಿ ತೆಳು ಚರ್ಮ ಅದು, ಅದರಡಿ ಸಡಿಲ ಸಡಿಲವಾದ ಜಾಗ. ನೀರೂ ರಕ್ತವೂ ಅಲ್ಲಿಗೆ ಇಳಿದು ನಿಲ್ಲುತ್ತವೆ. ಅದಕ್ಕೇ ಆಪರೇಷನ್ ಮೂಗಿಗೆ, ಊದುವುದು ಕಣ್ಣು. ಕೆಲವರಿಗೆ ಕಣ್ಣಿನ ಬಿಳಿ ಭಾಗವೂ ಕೆಂಪಾಗಿ ಮನೆಯವರು ಹೆದರುತ್ತಾರೆ. ಮೂಳೆ ಕತ್ತರಿಸದೆ ಬರೀ ತುದಿಯನ್ನು ತಿದ್ದಿಸಿಕೊಂಡವರಿಗೆ ಕಣ್ಣಿನ ಸುತ್ತ ಹೀಗೆ ಆಗುವುದು ಕಡಿಮೆ. ಹಾಗಾಗಿ “ನನ್ನ ಫ್ರೆಂಡ್‌ಗೆ ಏನೂ ಊದಿರಲಿಲ್ಲ” ಅಂತ ಹೋಲಿಸುವ ಮೊದಲು ಆ ಫ್ರೆಂಡ್‌ಗೆ ಮೂಳೆ ಮುಟ್ಟಿದ್ದರಾ ಅಂತ ಕೇಳಬೇಕು.

ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ನಾವು ಎರಡನ್ನೂ ಸೇರಿಸಿ ‘ಊದಿಕೊಂಡಿದೆ’ ಅನ್ನುತ್ತೇವೆ. ಒಂದು ಊತ, ಅಂದರೆ ರಕ್ತನಾಳದಿಂದ ನೀರಿನಂಶ ಸೋರಿ ಅಂಗಾಂಶದಲ್ಲಿ ನಿಲ್ಲುವುದು. ಇನ್ನೊಂದು ನೀಲಿಗಟ್ಟುವುದು, ಅಂದರೆ ರಕ್ತವೇ ಹೊರಗೆ ಬಂದು ಚರ್ಮದಡಿ ಹರಡುವುದು. ಸ್ಟೆರಾಯ್ಡ್ ಈ ಎರಡರ ಮೇಲೂ ಒಂದೇ ಸಮ ಕೆಲಸ ಮಾಡುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಕಡೆ ಹಳೆಯ ಕೆರೆಗಳಿಗೆ ತೂಬು ಇರುತ್ತದೆ, ತೂಬು ಎತ್ತಿ ಇಳಿಸುವುದಕ್ಕೆ ನೀರುಗಂಟಿ ಇರುತ್ತಾನೆ. ಅವನು ತೂಬು ಎತ್ತಿದರೆ ಕಾಲುವೆಗೆ ನೀರು, ಕಾಲುವೆಯಿಂದ ಗದ್ದೆಗೆ. ದೇಹಕ್ಕೆ ಪೆಟ್ಟು ಬಿದ್ದಾಗಲೂ ಇಂಥದ್ದೇ ಒಂದು ವ್ಯವಸ್ಥೆ ಏಳುತ್ತದೆ. ಗಾಯವಾದ ಜೀವಕೋಶದ ಪೊರೆಯಿಂದ ಒಂದು ಕೊಬ್ಬಿನ ಆಮ್ಲ ಬಿಡುಗಡೆಯಾಗುತ್ತದೆ. ಅದರಿಂದ ಪ್ರೊಸ್ಟಗ್ಲಾಂಡಿನ್, ಲ್ಯೂಕೋಟ್ರೈನ್ ಎಂಬ ರಾಸಾಯನಿಕಗಳು ತಯಾರಾಗುತ್ತವೆ. ಅವು ಸಣ್ಣ ರಕ್ತನಾಳಗಳನ್ನು ಹಿಗ್ಗಿಸುತ್ತವೆ. ನಾಳದ ಗೋಡೆಯಲ್ಲಿ ಸಂದು ಬಿಡುವ ಹಾಗೆ ಮಾಡುವ ಬೇರೆ ರಾಸಾಯನಿಕಗಳೂ ಜೊತೆಗೆ ಸೇರುತ್ತವೆ. ಸಂದಿನಿಂದ ನೀರು, ಪ್ರೋಟೀನ್, ಬಿಳಿ ರಕ್ತಕಣ ಎಲ್ಲ ಗಾಯದ ಜಾಗಕ್ಕೆ ನುಗ್ಗುತ್ತವೆ. ಇದು ದೇಹದ ರಿಪೇರಿ ಕೆಲಸ, ತಪ್ಪೇನಲ್ಲ. ಮುಖದ ಮೇಲೆ ನಡೆದಾಗ ನಮಗೆ ನೋಡಲಾಗುವುದಿಲ್ಲ, ಅಷ್ಟೇ.

ಐಬುಪ್ರೊಫೆನ್ ಥರದ ನೋವಿನ ಮಾತ್ರೆ ಕೆಳಗಿನ ಒಂದು ಕಾಲುವೆಗೆ ಮಾತ್ರ ಅಡ್ಡ ಕಟ್ಟುತ್ತದೆ. ಪ್ರೊಸ್ಟಗ್ಲಾಂಡಿನ್ ಕಾಲುವೆ ಬಂದ್, ಉಳಿದದ್ದು ಹರಿಯುತ್ತಿರುತ್ತದೆ. ಸ್ಟೆರಾಯ್ಡ್ ನೇರವಾಗಿ ನೀರುಗಂಟಿಯ ಮನೆಗೇ ಹೋಗುತ್ತದೆ. ಅದು ಜೀವಕೋಶದ ಒಳಗೆ ನುಸುಳಿ, ತನಗಾಗಿಯೇ ಇರುವ ಗ್ರಾಹಕ (ರಿಸೆಪ್ಟರ್) ಎಂಬ ಪ್ರೋಟೀನ್‌ಗೆ ಅಂಟಿಕೊಂಡು, ಕೋಶಕೇಂದ್ರದ ತನಕ ಸಾಗಿ, ಯಾವ ಪ್ರೋಟೀನ್ ಮಾಡಬೇಕು ಯಾವುದು ಬೇಡ ಎಂಬ ಆದೇಶವನ್ನೇ ಬದಲಿಸುತ್ತದೆ. ಹಾಗೆ ಹೊಸದಾಗಿ ತಯಾರಾಗುವ ಪ್ರೋಟೀನ್‌ಗಳಲ್ಲಿ ಒಂದು, ಆ ಕೊಬ್ಬಿನ ಆಮ್ಲ ಬಿಡುಗಡೆಯಾಗುವುದನ್ನೇ ತಡೆಯುತ್ತದೆ. ತೂಬೇ ಏಳದಿದ್ದರೆ ಯಾವ ಕಾಲುವೆಗೂ ನೀರಿಲ್ಲ.

ಆದರೆ ಆದೇಶ ಬದಲಾಗಿ, ಹೊಸ ಪ್ರೋಟೀನ್ ತಯಾರಾಗಿ, ಕೆಲಸ ಶುರುವಾಗುವುದಕ್ಕೆ ಒಂದೆರಡು ತಾಸಾದರೂ ಬೇಕು. ಗದ್ದೆ ತುಂಬಿದ ಮೇಲೆ ತೂಬು ಇಳಿಸಿದರೆ ಗದ್ದೆ ಒಣಗುತ್ತದೆಯೇ? ಅದಕ್ಕೇ ಬಹಳ ಸರ್ಜನ್‌ಗಳು ಸ್ಟೆರಾಯ್ಡನ್ನು ಮೊದಲ ಗೀರು ಹಾಕುವ ಮುಂಚೆಯೇ ಕೊಡಿಸುತ್ತಾರೆ. ಮೂಳೆಗೆ ಉಳಿ ತಗಲುವ ಹೊತ್ತಿಗೆ ಔಷಧಿ ಕೆಲಸಕ್ಕೆ ಇಳಿದಿರಲಿ ಅಂತ. ಈ ವಿಷಯದಲ್ಲಿ ಎಷ್ಟು ಕೊಡುತ್ತಾರೆ ಎನ್ನುವಷ್ಟೇ ಯಾವಾಗ ಕೊಡುತ್ತಾರೆ ಎನ್ನುವುದೂ ಮುಖ್ಯ. ಊದಿದ ಮೇಲೆ ಮೂರನೇ ದಿನ ಅಂಗಡಿಗೆ ಬಂದು “ಊತಕ್ಕೆ ಒಂದು ಸ್ಟೆರಾಯ್ಡ್ ಮಾತ್ರೆ ಕೊಡಿ” ಅನ್ನುವವರಿಗೆ ನಾನು ಇದನ್ನೇ ಹೇಳುವುದು. ಕೊಡುವುದಂತೂ ಇಲ್ಲ. ಅದು ಶೆಡ್ಯೂಲ್ ಹೆಚ್ ಔಷಧಿ, ಚೀಟಿ ಬೇಕು.

ಇಲ್ಲಿ ‘ಸ್ಟೆರಾಯ್ಡ್’ ಎಂಬ ಪದದ ಗೊಂದಲ ಬಿಡಿಸಿಬಿಡುತ್ತೇನೆ. ಜಿಮ್ ಹುಡುಗರು ಮೈ ಕಟ್ಟಲು ಚುಚ್ಚಿಸಿಕೊಳ್ಳುವುದು ಗಂಡು ಹಾರ್ಮೋನಿನ ಸಂಬಂಧಿಗಳು, ಬೇರೆ ಜಾತಿ. ನಾವು ಮಾತಾಡುತ್ತಿರುವುದು ಕಾರ್ಟಿಸಾಲ್‌ನ ಸಂಬಂಧಿಗಳನ್ನು. ಮೂತ್ರಪಿಂಡದ ನೆತ್ತಿಯ ಮೇಲೆ ಟೋಪಿ ಇಟ್ಟಂತೆ ಅಡ್ರಿನಲ್ ಗ್ರಂಥಿ ಕೂತಿದೆ. ಅದು ದಿನಕ್ಕೆ ಸುಮಾರು 10ರಿಂದ 20 ಮಿಲಿಗ್ರಾಂ ಕಾರ್ಟಿಸಾಲ್ ತಾನೇ ಮಾಡಿಕೊಳ್ಳುತ್ತದೆ. ಇದರ ಔಷಧಿ ರೂಪವನ್ನು ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಮೊದಲ ಬಾರಿಗೆ 1948ರಲ್ಲಿ ಸಂಧಿವಾತದ ರೋಗಿಯೊಬ್ಬರಿಗೆ ಕೊಟ್ಟರು. ಹಾಸಿಗೆ ಹಿಡಿದಿದ್ದವರು ಕೆಲವೇ ದಿನಗಳಲ್ಲಿ ಎದ್ದು ಓಡಾಡಿದರು. ಎರಡೇ ವರ್ಷದಲ್ಲಿ, 1950ರಲ್ಲಿ, ಹೆಂಚ್ ಅವರಿಗೂ, ಈ ಹಾರ್ಮೋನುಗಳ ಮೇಲೆ ಕೆಲಸ ಮಾಡಿದ್ದ ಕೆಂಡಾಲ್, ರೈಕ್‌ಸ್ಟೈನ್ ಅವರಿಗೂ ಒಟ್ಟಿಗೆ ನೊಬೆಲ್ ಬಂತು. ಅಡ್ಡ ಪರಿಣಾಮಗಳು ಬೆಳಕಿಗೆ ಬಂದದ್ದೂ ಅದೇ ಹೊತ್ತಿಗೆ. ಹೊಗಳಿಕೆ, ಭಯ ಎರಡೂ ಈ ಔಷಧಿಯ ಬೆನ್ನು ಹತ್ತಿದ್ದು ಅಲ್ಲಿಂದಲೇ.

ನಮ್ಮವರಿಗೆ ಎರಡೂ ಕೊರೊನಾ ಕಾಲದಲ್ಲಿ ಕಣ್ಣಾರೆ ಸಿಕ್ಕಿತು. 2020ರ ಜೂನ್‌ನಲ್ಲಿ ಆಕ್ಸ್‌ಫರ್ಡ್‌ನವರ ರಿಕವರಿ ಅಧ್ಯಯನ ಹೊರಬಂತು. ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್, ಅಂದರೆ ಇದೇ ಡೆಕ್ಸಾ, ಕೊಟ್ಟರೆ ವೆಂಟಿಲೇಟರ್ ಮೇಲಿರುವವರ ಸಾವು ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ ಎಂದಿತು. ಅಗ್ಗದ ಔಷಧಿ, ಜೀವ ಉಳಿಸಿತು. ಮರುವರ್ಷ ಅದೇ ಔಷಧಿಯನ್ನು ಬೇಕಿದ್ದವರಿಗೂ ಬೇಡದವರಿಗೂ ಕೊಟ್ಟದ್ದು, ಜೊತೆಗೆ ಹತೋಟಿ ಇಲ್ಲದ ಸಕ್ಕರೆ ಕಾಯಿಲೆ, ಎರಡೂ ಸೇರಿ ಕಪ್ಪು ಶಿಲೀಂಧ್ರಕ್ಕೆ ದಾರಿಯಾಯಿತು. ಕರ್ನಾಟಕದಲ್ಲೂ ಕಣ್ಣು, ದವಡೆ ಕಳೆದುಕೊಂಡವರಿದ್ದಾರೆ. ಆ ಶಿಲೀಂಧ್ರ ಮೊದಲು ಕೂರುವುದೂ ಮೂಗಿನೊಳಗೇ. ಆ ದಿನಗಳನ್ನು ಕಂಡವರು ‘ಮೂಗು’ ಮತ್ತು ‘ಸ್ಟೆರಾಯ್ಡ್’ ಒಂದೇ ಚೀಟಿಯಲ್ಲಿ ಕಂಡರೆ ಬೆಚ್ಚುವುದು ಸಹಜ. ಭಯ ಬಿಡಿ ಅಂತ ನಾನು ಹೇಳುವುದಿಲ್ಲ. ಎಷ್ಟು ದಿನ, ಎಷ್ಟು ಪ್ರಮಾಣ ಅಂತ ಕೇಳಿಕೊಂಡು ಆಮೇಲೆ ಭಯಪಡಿ ಅನ್ನುತ್ತೇನೆ.

ಸರಿ, ಪ್ರಮಾಣ ನೋಡೋಣ. ಸ್ಟೆರಾಯ್ಡ್‌ಗಳಲ್ಲೂ ಸಾಧು, ಖಡಕ್ ಅಂತ ಇವೆ. ದೇಹದ ಕಾರ್ಟಿಸಾಲ್‌ಗೆ ಸಮನಾದ ಹೈಡ್ರೊಕಾರ್ಟಿಸೋನ್ 20 ಮಿಲಿಗ್ರಾಂ ಮಾಡುವ ಕೆಲಸವನ್ನು ಪ್ರೆಡ್ನಿಸೊಲೋನ್ 5 ಮಿಲಿಗ್ರಾಂ, ಮೀಥೈಲ್ ಪ್ರೆಡ್ನಿಸೊಲೋನ್ 4 ಮಿಲಿಗ್ರಾಂ ಮಾಡುತ್ತವೆ. ಡೆಕ್ಸಾಮೆಥಾಸೋನ್‌ಗೆ ಮುಕ್ಕಾಲು ಮಿಲಿಗ್ರಾಂ ಸಾಕು. ಅಂದರೆ ನಮ್ಮ ಹುಡುಗಿಗೆ ಕೊಟ್ಟ 8 ಮಿಲಿಗ್ರಾಂ ಡೆಕ್ಸಾ 200 ಮಿಲಿಗ್ರಾಂಗಿಂತ ಜಾಸ್ತಿ ಕಾರ್ಟಿಸಾಲ್‌ಗೆ ಸಮ. ದೇಹ ಹತ್ತಿಪ್ಪತ್ತು ದಿನ ಮಾಡಿಕೊಳ್ಳುವಷ್ಟನ್ನು ಒಂದೇ ಸಲಕ್ಕೆ ಕೊಟ್ಟ ಹಾಗೆ. ಕೇಳಿದರೆ ಎದೆ ಝಲ್ ಅನ್ನುತ್ತದೆ. ಆದರೆ ಅದು ಒಂದೇ ಸಲ. ಅದರ ಪ್ರಭಾವ 36ರಿಂದ 54 ತಾಸು ಇದ್ದು ಇಳಿದುಹೋಗುತ್ತದೆ. ಮುಖ ದುಂಡಗಾಗುವುದು, ಹೊಟ್ಟೆ ಬರುವುದು, ಮೂಳೆ ಸವೆಯುವುದು ಇವೆಲ್ಲ ವಾರಗಟ್ಟಲೆ, ತಿಂಗಳುಗಟ್ಟಲೆ ತೆಗೆದುಕೊಂಡವರ ಕಥೆ. ದಪ್ಪ ಆಗ್ತೀನಾ ಎಂಬ ಅವಳ ಎರಡನೇ ಪ್ರಶ್ನೆಗೆ ಉತ್ತರ ಇಷ್ಟೇ: ಈ ಒಂದು ಇಂಜೆಕ್ಷನ್‌ನಿಂದ ಆಗಲ್ಲ.

ಈಗ ಮೊದಲ ಪ್ರಶ್ನೆ. ಕೊಟ್ಟದ್ದು ಕೆಲಸ ಮಾಡಿತಾ?

ಇದನ್ನು ಅಳೆಯುವ ರೀತಿ ಕೇಳಿದರೆ ನಗು ಬರುತ್ತದೆ, ಆದರೆ ಬೇರೆ ದಾರಿಯೂ ಇಲ್ಲ. ಆಪರೇಷನ್ ಆದವರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡುತ್ತಾರೆ. ಒಂದಕ್ಕೆ ಸ್ಟೆರಾಯ್ಡ್, ಇನ್ನೊಂದಕ್ಕೆ ಸುಮ್ನೆ ಉಪ್ಪುನೀರಿನ ಇಂಜೆಕ್ಷನ್. ಯಾರಿಗೆ ಯಾವುದು ಅಂತ ಗೊತ್ತಿಲ್ಲದ ಒಬ್ಬರು ದಿನವೂ ಫೋಟೊ ನೋಡಿ ಅಂಕ ಹಾಕುತ್ತಾರೆ. ರೆಪ್ಪೆ ಊದಿ ಕಣ್ಣಿನ ಕಪ್ಪು ಭಾಗವನ್ನು ಎಷ್ಟು ಮುಚ್ಚಿದೆ? ಮುಟ್ಟೇ ಇಲ್ಲವೋ, ಅಂಚಿಗೆ ಬಂದಿದೆಯೋ, ಪೂರಾ ಮುಚ್ಚಿದೆಯೋ? ನೀಲಿ ಕಲೆ ಒಳಮೂಲೆಯಿಂದ ಹೊರಮೂಲೆ ಕಡೆಗೆ ಎಷ್ಟು ದೂರ ಹರಡಿದೆ? ಕಣ್ಣಂದಾಜಿನ ಅಂಕಗಳೇ ಸರಿ, ಆದರೆ ನೋಡುವವರಿಗೆ ಗುಂಪು ಗೊತ್ತಿಲ್ಲದ ಕಾರಣ ಪಕ್ಷಪಾತ ಕಡಿಮೆ.

ಇಂಥ ಪ್ರಯೋಗಗಳನ್ನೆಲ್ಲ ಕಲೆಹಾಕಿ ಬ್ರೆಜಿಲ್‌ನ ವೈದ್ಯರು 2014ರಲ್ಲಿ ಒಂದು ಕೊಕ್ರೇನ್ ವಿಮರ್ಶೆ ಮಾಡಿದರು. ಒಂದು ಚಿಕಿತ್ಸೆಯ ಮೇಲೆ ನಡೆದ ಎಲ್ಲ ಪ್ರಯೋಗಗಳನ್ನೂ ಜರಡಿ ಹಿಡಿಯುವುದಕ್ಕೆ ಕೊಕ್ರೇನ್ ಹೆಸರುವಾಸಿ. ಸಿಕ್ಕಿದ್ದು 10 ಪ್ರಯೋಗ, ಒಟ್ಟು 422 ಜನ. ಅದರಲ್ಲಿ 9 ಪ್ರಯೋಗ ಮೂಗಿನ ಆಪರೇಷನ್‌ನವು. ಒಬ್ಬೊಬ್ಬರು ಒಂದೊಂದು ಔಷಧಿ, ಒಂದೊಂದು ಪ್ರಮಾಣ ಬಳಸಿದ್ದರಿಂದ ಎಲ್ಲವನ್ನೂ ಕೂಡಿಸಿ ಲೆಕ್ಕ ಹಾಕಲು ಆಗಲಿಲ್ಲ. ಕೂಡಿಸಲು ಬಂದದ್ದು ಎರಡೇ ಎರಡು, 60 ಜನ. ಜಗತ್ತಿನಲ್ಲಿ ಎಷ್ಟು ಮೂಗುಗಳ ಆಪರೇಷನ್ ಆಗುತ್ತದೆ, ಲೆಕ್ಕಕ್ಕೆ ಸಿಕ್ಕಿದ್ದು ಅರವತ್ತು!

ಅವರು ಕಂಡುಕೊಂಡದ್ದು ಹೀಗೆ. ಆಪರೇಷನ್ ಹೊತ್ತಿಗೆ ಒಮ್ಮೆ 10 ಮಿಲಿಗ್ರಾಂ ಡೆಕ್ಸಾ ಕೊಟ್ಟರೆ ಮೊದಲ ಎರಡು ದಿನ ಊತ ಕಡಿಮೆ. ನೀಲಿ ಕಲೆಯಲ್ಲೂ ಎರಡು ದಿನದ ಮಟ್ಟಿಗೆ ಕಡಿಮೆ ಅಂತ ಕಂಡಿತು, ಆದರೆ ಇಲ್ಲಿ ಪ್ರಯೋಗಗಳೇ ಒಂದಕ್ಕೊಂದು ಒಪ್ಪುವುದಿಲ್ಲ. ಎರಡು ದಿನ ಕಳೆದ ಮೇಲೆ ವ್ಯತ್ಯಾಸ ಉಳಿಯಲಿಲ್ಲ. 40 ಜನರ ಒಂದು ಪ್ರಯೋಗದಲ್ಲಿ ಮಾತ್ರ, ಮೀಥೈಲ್ ಪ್ರೆಡ್ನಿಸೊಲೋನನ್ನು 250 ಮಿಲಿಗ್ರಾಂಗಿಂತ ಜಾಸ್ತಿ ಕೊಟ್ಟವರಲ್ಲಿ ಊತ, ಕಲೆ ಎರಡೂ ಏಳನೇ ದಿನದ ತನಕ ಕಡಿಮೆ ಇತ್ತು. ನನಗೆ ಕಿರಿಕಿರಿಯಾದ ಸಂಗತಿ ಬೇರೆ. ಆ ಹತ್ತರಲ್ಲಿ ಐದು ಪ್ರಯೋಗಗಳು ಅಡ್ಡ ಪರಿಣಾಮದ ಬಗ್ಗೆ ಒಂದಕ್ಷರ ಬರೆದಿಲ್ಲ. ಲಾಭ ಬರೆದು ಖರ್ಚಿನ ಪುಟ ಖಾಲಿ ಬಿಟ್ಟರೆ ಅದೆಂಥ ಲೆಕ್ಕದ ಪುಸ್ತಕ?

‘ಎರಡು ದಿನ’ ಅನ್ನುವುದನ್ನು ಗಮನಿಸಿದಿರಾ? ಡೆಕ್ಸಾದ ಪ್ರಭಾವ 36ರಿಂದ 54 ತಾಸು ಅಂದೆನಲ್ಲ, ಅದೂ ಎರಡು ದಿನದ ಆಸುಪಾಸೇ. ಊತ ತುತ್ತತುದಿಗೆ ಏರುವುದು 48ರಿಂದ 72 ತಾಸಿನ ನಡುವೆ. ಅಂದರೆ ಔಷಧಿ ಕೈಬಿಡುವ ಹೊತ್ತಿಗೆ ಊತ ತನ್ನ ಎತ್ತರ ಮುಟ್ಟುತ್ತಿರುತ್ತದೆ. ಅಕ್ಕ ಫೋನ್ ಮಾಡಿದ್ದು ಸರಿಯಾಗಿ ಆ ಹೊತ್ತಿಗೆ. ಮೊದಲ ದಿನ ಹುಡುಗಿ ಕಣ್ಣು ಬಿಟ್ಟು ಟೀವಿ ನೋಡಿದ್ದಳು, ಅದು ಯಾರ ಲೆಕ್ಕಕ್ಕೂ ಬರಲಿಲ್ಲ. ಔಷಧಿ ಕೆಲಸ ಮಾಡಿದ ದಿನ ನಾವು ಕನ್ನಡಿ ಮುಂದೆ ನಿಲ್ಲುವುದಿಲ್ಲ, ಅದು ಇಳಿದ ದಿನ ನಿಂತು ಬೈಯುತ್ತೇವೆ.

ನೀಲಿ ಕಲೆಯ ಮೇಲೆ ಸ್ಟೆರಾಯ್ಡ್ ಅಷ್ಟಾಗಿ ಗೆಲ್ಲದಿರುವುದಕ್ಕೂ ಕಾರಣವಿದೆ. ತೂಬಿನಿಂದ ನೀರು ಬಿಡುವುದು ಬೇರೆ, ಕೆರೆಯ ಏರಿಯೇ ಒಡೆಯುವುದು ಬೇರೆ. ಉಳಿಗೆ ಸಿಕ್ಕಿ ನಾಳ ಕತ್ತರಿಸಿಹೋದರೆ ನೀರುಗಂಟಿಗೆ ಏನು ಹೇಳಿದರೂ ರಕ್ತ ಹರಿಯುತ್ತದೆ. ಒಮ್ಮೆ ಚರ್ಮದಡಿ ಸೇರಿದ ರಕ್ತ ತನ್ನ ಪಾಡಿಗೆ ತಾನು ಬಣ್ಣ ಬದಲಿಸುತ್ತಾ ಹೋಗುತ್ತದೆ. ಮೊದಲು ಕೆಂಪು, ನೇರಳೆ. ರಕ್ತದ ಹಿಮೋಗ್ಲೋಬಿನ್ ಒಡೆದು ಬಿಲಿವರ್ಡಿನ್ ಆದಾಗ ಹಸಿರು ಛಾಯೆ. ಅದು ಬಿಲಿರುಬಿನ್ ಆದಾಗ ಹಳದಿ, ಕಾಮಾಲೆಯಲ್ಲಿ ಕಣ್ಣು ಹಳದಿ ಮಾಡುವ ಅದೇ ವಸ್ತು. ನಮ್ಮ ಹುಡುಗಿಯ ಕೆನ್ನೆ ಎಂಟನೇ ದಿನ ಮಾವಿನ ಕಾಯಿ ಹಣ್ಣಿಗೆ ತಿರುಗುವ ಬಣ್ಣದಲ್ಲಿತ್ತು. ಅಕ್ಕ ಕಾಮಾಲೆ ಔಷಧಿ ಕೊಡಿಸೋಣವಾ ಅಂದಳು! ಏನೂ ಬೇಡ. ಏಳರಿಂದ ಹದಿನಾಲ್ಕು ದಿನದಲ್ಲಿ ತಾನಾಗಿ ಹೋಗುತ್ತದೆ.

ಕಲೆ ಕಡಿಮೆ ಮಾಡಬೇಕೆಂದರೆ ಏರಿ ಒಡೆಯದ ಹಾಗೆ ನೋಡಿಕೊಳ್ಳಬೇಕು, ಒಡೆದರೂ ಬೇಗ ಮುಚ್ಚಿಕೊಳ್ಳಬೇಕು. ಆಪರೇಷನ್ ವೇಳೆ ರಕ್ತದೊತ್ತಡ ಏರದಂತೆ ಹಿಡಿಯುವುದು ಅರಿವಳಿಕೆ ಡಾಕ್ಟರ ಕೈಯಲ್ಲಿದೆ. ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ ಅನ್ನು ಈಚೆಗೆ ತುಂಬಾ ಜನ ಬಳಸುತ್ತಾರೆ. ಮುಟ್ಟಿನ ರಕ್ತಸ್ರಾವಕ್ಕೆ ಕೊಡುವ ಅದೇ ಔಷಧಿ. ಉಳಿ ಸುತ್ತಿಗೆ ಬದಲು ಅಲ್ಟ್ರಾಸೌಂಡ್ ಕಂಪನದಿಂದ ಮೂಳೆ ಕೊಯ್ಯುವ ಪಿಯೆಜೊ ಎಂಬ ಉಪಕರಣವೂ ಬಂದಿದೆ. ಅದು ಗಟ್ಟಿ ಮೂಳೆಯನ್ನು ಕೊಯ್ಯುತ್ತದೆ, ಪಕ್ಕದ ಮೆತ್ತನೆಯ ನಾಳವನ್ನು ಹೆಚ್ಚಾಗಿ ಬಿಟ್ಟುಬಿಡುತ್ತದೆ. ರೋಗಿಯ ಕೈಯಲ್ಲಿರುವುದು ತಲೆ ಎತ್ತರದಲ್ಲಿಟ್ಟು ಮಲಗುವುದು, ಮೊದಲೆರಡು ದಿನ ಕಣ್ಣಿನ ಮೇಲೆ ಬಟ್ಟೆ ಸುತ್ತಿದ ಐಸ್ ಇಡುವುದು, ಬಗ್ಗಿ ಭಾರ ಎತ್ತದಿರುವುದು, ಮೂಗು ಸೀಟದಿರುವುದು. ಆಸ್ಪಿರಿನ್, ವಿಟಮಿನ್ ಇ, ಮೀನೆಣ್ಣೆ ಮಾತ್ರೆಗಳು ರಕ್ತಸ್ರಾವ ಹೆಚ್ಚಿಸಬಹುದು ಅಂತ ಆಪರೇಷನ್‌ಗೆ ಎರಡು ವಾರ ಮೊದಲೇ ನಿಲ್ಲಿಸಲು ಹೇಳುವುದುಂಟು. ಹೃದಯಕ್ಕೆ ಅಂತ ಆಸ್ಪಿರಿನ್ ತಗೊಳ್ಳುವವರು ಮಾತ್ರ ತಾವಾಗಿ ನಿಲ್ಲಿಸಬಾರದು. ಅಕ್ಕ ಅರಿಶಿನದ ಪಟ್ಟು ಹಾಕುವುದಾ ಅಂದಾಗ ನಾನು ಕೈ ಮುಗಿದೆ. ಹೊಲಿಗೆ ಪಕ್ಕ ಅರಿಶಿನ ಬೇಡಮ್ಮ, ಸಾರಿಗೆ ಹಾಕು.

ಹಾಗಾದರೆ ಸ್ಟೆರಾಯ್ಡ್ ಬೇಕೇ ಬೇಕಾ? ಅಮೆರಿಕದ ಕಿವಿ ಮೂಗು ಗಂಟಲು ವೈದ್ಯರ ಸಂಘ 2017ರಲ್ಲಿ ಮೂಗಿನ ಈ ಆಪರೇಷನ್ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಸ್ಟೆರಾಯ್ಡ್ ‘ಕೊಡಬಹುದು’ ಅಂತ ಇದೆ. ‘ಕೊಡಬೇಕು’ ಅಂತ ಇಲ್ಲ. ನನಗೂ ಅದು ಸರಿಯಾದ ತೂಕ ಅನಿಸುತ್ತದೆ. ಮೂಳೆ ಕತ್ತರಿಸುವ ಆಪರೇಷನ್, ಆರೋಗ್ಯವಾಗಿರುವ ವ್ಯಕ್ತಿ, ಒಂದು ಡೋಸ್: ಅಡ್ಡಿಯಿಲ್ಲ. ಬರೀ ತುದಿಯ ಕೆಲಸಕ್ಕೆ, ಅಥವಾ ಸಕ್ಕರೆ ಏರುಪೇರಾಗಿರುವವರಿಗೆ, ಎರಡು ದಿನದ ಊತಕ್ಕೋಸ್ಕರ ಯಾಕೆ? ಅದನ್ನು ಡಾಕ್ಟರ್ ತೂಗಿ ನೋಡಬೇಕು.

ಒಂದು ಡೋಸ್‌ಗೆ ಇನ್ನೊಂದು ಲಾಭವೂ ಇದೆ. ಅರಿವಳಿಕೆಯಿಂದ ಎದ್ದ ಮೇಲೆ ಬರುವ ವಾಂತಿಯನ್ನು 4ರಿಂದ 8 ಮಿಲಿಗ್ರಾಂ ಡೆಕ್ಸಾ ಚೆನ್ನಾಗಿ ತಡೆಯುತ್ತದೆ. ಮೂಗಿನ ಆಪರೇಷನ್‌ನಲ್ಲಿ ಹೊಟ್ಟೆಗೆ ರಕ್ತ ಇಳಿದು ವಾಂತಿ ಜಾಸ್ತಿ. ವಾಂತಿ ಮಾಡುವಾಗ ಮುಖದ ಒತ್ತಡ ಏರಿ ಕಲೆಯೂ ಜಾಸ್ತಿ. ಹಾಗಾಗಿ ಚೀಟಿಯಲ್ಲಿ ಡೆಕ್ಸಾ ಕಂಡರೆ ಅದು ಊತಕ್ಕೇ ಬರೆದದ್ದು ಅಂತಲೂ ಹೇಳಲಾಗದು. ಒಂದು ತಮಾಷೆ ಹೇಳುತ್ತೇನೆ. ಎಚ್ಚರವಿರುವಾಗ ಈ ಇಂಜೆಕ್ಷನ್ ವೇಗವಾಗಿ ಕೊಟ್ಟರೆ ಕೂರುವ ಭಾಗದಲ್ಲಿ ಅರ್ಧ ನಿಮಿಷ ಎಂಥದೋ ತುರಿಕೆ, ಉರಿ ಬರುತ್ತದೆ. ಪಾಪ, ಯಾರಿಗೂ ಹೇಳಲಾಗದ ಜಾಗ. ಅದಕ್ಕೇ ಎಷ್ಟೋ ಡಾಕ್ಟರುಗಳು ಮಂಪರು ಬಂದ ಮೇಲೆ ಕೊಡುತ್ತಾರೆ.

ಸೋಂಕಿನ ಭಯಕ್ಕೆ ಒಂದು ದೊಡ್ಡ ಉತ್ತರ 2021ರಲ್ಲಿ ಸಿಕ್ಕಿತು. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮೊದಲಾದ ದೇಶಗಳಲ್ಲಿ ನಾನಾ ಬಗೆಯ ಆಪರೇಷನ್ ಆದ 8,700ಕ್ಕೂ ಹೆಚ್ಚು ಜನರಲ್ಲಿ ಅರ್ಧ ಜನಕ್ಕೆ 8 ಮಿಲಿಗ್ರಾಂ ಡೆಕ್ಸಾ, ಅರ್ಧ ಜನಕ್ಕೆ ಖಾಲಿ ಇಂಜೆಕ್ಷನ್ ಕೊಟ್ಟು ನೋಡಿದರು. ಒಂದು ತಿಂಗಳೊಳಗೆ ಗಾಯದ ಸೋಂಕು ಡೆಕ್ಸಾ ಗುಂಪಿನಲ್ಲಿ ಶೇ. 8.1, ಖಾಲಿ ಗುಂಪಿನಲ್ಲಿ ಶೇ. 9.1. ಅಂದರೆ ಒಂದು ಡೋಸ್‌ನಿಂದ ಸೋಂಕು ಹೆಚ್ಚಲಿಲ್ಲ. ಅವರಲ್ಲಿ ಸಕ್ಕರೆ ಕಾಯಿಲೆಯವರೂ ಇದ್ದರು.

ಒಂದು ಡೋಸ್, ಒಂದು ಡೋಸ್ ಅಂತ ಪದೇ ಪದೇ ಹೇಳುತ್ತಿದ್ದೇನೆ, ಅಲ್ವಾ? ಕಷ್ಟ ಶುರುವಾಗುವುದು ಅದು ಹಿಗ್ಗಿದಾಗ. ನಾಲ್ಕೈದು ದಿನದ ಮಾತ್ರೆಯಲ್ಲೇ ನಿದ್ದೆ ಹಾರುತ್ತದೆ, ಸಿಡುಕು ಏರುತ್ತದೆ, ಕೆಲವರು ಇಲ್ಲದ್ದನ್ನು ಕಲ್ಪಿಸಿಕೊಂಡು ಅಳುತ್ತಾರೆ. ಮುಖ ಊದಿ, ಕನ್ನಡಿ ನೋಡಿ ಮೊದಲೇ ಕುಗ್ಗಿದವರಿಗೆ ಇದು ಬೇರೆ. ಸಕ್ಕರೆ ಏರುತ್ತದೆ. ನೋವಿನ ಮಾತ್ರೆಯ ಜೊತೆ ಸೇರಿದರೆ ಹೊಟ್ಟೆ ಹುಣ್ಣಿನ ಅಪಾಯ. ಗ್ಲಾಕೋಮಾ ಇದ್ದವರಿಗೆ ಕಣ್ಣಿನ ಒತ್ತಡ. ತೀರಾ ಅಪರೂಪಕ್ಕೆ, ತೊಡೆಮೂಳೆಯ ತಲೆಗೆ ರಕ್ತ ಸಂಚಾರ ನಿಂತು ಸೊಂಟದ ಕೀಲು ಹಾಳಾಗುವುದೂ ಉಂಟು. ಅಂಗಡಿಯಲ್ಲಿ ಕೂತು ನಾನು ನೋಡುವುದು ಇದನ್ನೇ: ಮಂಡಿ ನೋವಿಗೆ ಅಂತ ಯಾರೋ ಪೊಟ್ಟಣ ಕಟ್ಟಿಕೊಟ್ಟ ಹೆಸರಿಲ್ಲದ ಮಾತ್ರೆ ತಿಂಗಳುಗಟ್ಟಲೆ ನುಂಗಿ, ದುಂಡು ಮುಖ ಮಾಡಿಕೊಂಡು ಬರುವ ಅಜ್ಜಿಯರು. ಅವರ ಮುಂದೆ ಅರ್ಧ ಮಿಲಿಗ್ರಾಂನ ಡೆಕ್ಸಾ ಮಾತ್ರೆ ಇಟ್ಟರೆ “ಹಾಂ, ಇದೇ ಇರಬೇಕು” ಅನ್ನುತ್ತಾರೆ.

ಇನ್ನೊಂದು ಎಚ್ಚರ. ಊತ ಎರಡು ಕಡೆಯೂ ಹೆಚ್ಚುಕಡಿಮೆ ಸಮನಾಗಿದ್ದು, ಮೂರನೇ ದಿನದ ನಂತರ ಇಳಿಯುತ್ತಿದ್ದರೆ ಸರಿ. ಒಂದೇ ಕಡೆ ದಿಢೀರ್ ಊದಿದರೆ, ಇಳಿದ ನೋವು ಮತ್ತೆ ಏರಿದರೆ, ಜ್ವರ ಬಂದರೆ, ದೃಷ್ಟಿ ಮಸುಕಾದರೆ ಅದು ಬೇರೆ ವಿಷಯ. ಮೂಗಿನ ನಡುಗೋಡೆಯಲ್ಲಿ ರಕ್ತ ಕಟ್ಟಿದರೆ ಕಾರ್ಟಿಲೇಜ್ ಕೊಳೆತು ಮೂಗೇ ಕುಸಿಯಬಹುದು. ಆವಾಗ ಮಾತ್ರೆ ಹುಡುಕಬೇಡಿ, ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಸ್ಟೆರಾಯ್ಡ್ ನೋವು, ಜ್ವರ ಎರಡನ್ನೂ ಅಡಗಿಸಿ ಮೋಸ ಮಾಡಬಲ್ಲದು.

ಏಳನೇ ದಿನ ಪ್ಲಾಸ್ಟರ್ ತೆಗೆದರು. ಕಣ್ಣು ಬಹುಪಾಲು ಸರಿಹೋಗಿತ್ತು. ಮೂಗು ನೋಡಿ ಹುಡುಗಿಯ ಮುಖ ಬಾಡಿತು. ಉಬ್ಬು ಹೋಗಿತ್ತು, ಆದರೆ ತುದಿ ದಪ್ಪ, ಆಲೂಗಡ್ಡೆ ಥರ. ಇದು ಇನ್ನೊಂದು ಊತ. ಮೊದಲ ವಾರದ ಊತದ ತಮ್ಮ, ಆದರೆ ಸ್ವಭಾವ ಬೇರೆ. ಆಪರೇಷನ್‌ನಲ್ಲಿ ಚರ್ಮ ಎತ್ತುವಾಗ ನೀರು ವಾಪಸ್ ಒಯ್ಯುವ ದುಗ್ಧನಾಳಗಳು ಕತ್ತರಿಸಿಹೋಗಿರುತ್ತವೆ. ಅವು ಮತ್ತೆ ಬೆಳೆಯಬೇಕು. ಒಳಗೆ ಗಾಯದ ನಾರು ಕೂಡಿಕೊಂಡು, ಆಮೇಲೆ ಮೆತ್ತಗಾಗಬೇಕು. ಮೂಗಿನ ಮೇಲ್ಭಾಗದ್ದು ಕೆಲವು ತಿಂಗಳಲ್ಲಿ ಇಳಿದರೆ, ತುದಿಗೆ ಒಂದು ವರ್ಷ ಹಿಡಿಯುತ್ತದೆ. ನಮ್ಮವರಲ್ಲಿ ತುಂಬಾ ಜನರ ಮೂಗಿನ ತುದಿಯ ಚರ್ಮ ದಪ್ಪ, ಎಣ್ಣೆಯಂಶ ಜಾಸ್ತಿ, ಅವರಿಗೆ ಇನ್ನೂ ಹೆಚ್ಚು. ಆಪರೇಷನ್ ದಿನ ಕೊಟ್ಟ ಡೆಕ್ಸಾಗೂ ಈ ಊತಕ್ಕೂ ಸಂಬಂಧವೇ ಇಲ್ಲ.

ಇದಕ್ಕೆ ಬೇರೊಂದು ಸ್ಟೆರಾಯ್ಡ್ ಇದೆ. ಟ್ರೈಯಾಮ್ಸಿನೊಲೋನ್. ನಮ್ಮಲ್ಲಿ ಕೆನಕಾರ್ಟ್ ಅಂದರೆ ಎಲ್ಲ ಡಾಕ್ಟರಿಗೂ ಗೊತ್ತು, ಗಂಟುಗಟ್ಟಿದ ಗಾಯದ ಕಲೆಗೆ ಚುಚ್ಚುವ ಅದೇ ಔಷಧಿ. ತುದಿಯ ಮೇಲೆ ನಾರು ಕೂಡಿ ಗಿಣಿ ಕೊಕ್ಕಿನ ಹಾಗೆ ಉಬ್ಬಿದರೆ, ಅದರ ಒಂದೆರಡು ಹನಿಯನ್ನು ಸಣ್ಣ ಸೂಜಿಯಲ್ಲಿ ಒಳಪದರಕ್ಕೆ ಹಾಕುತ್ತಾರೆ. ವಾರಗಳ ಅಂತರ ಬಿಟ್ಟು, ನೋಡಿಕೊಂಡು, ಬೇಕಾದರೆ ಮತ್ತೆ. ಇಲ್ಲಿ ಕೈಚಳಕ ಬೇಕು. ಔಷಧಿ ಆಳಕ್ಕೆ ಹೋಗದೆ ಚರ್ಮದಲ್ಲೇ ನಿಂತರೆ ಚರ್ಮ ತೆಳುವಾಗಿ ಗುಳಿ ಬೀಳುತ್ತದೆ, ಸಣ್ಣ ಕೆಂಪು ನಾಳಗಳು ಎದ್ದು ಕಾಣುತ್ತವೆ. ಬಣ್ಣ ಬಿಳಚಿಕೊಂಡರೆ ನಮ್ಮ ಗೋಧಿ ಮೈಬಣ್ಣದ ಮೇಲೆ ಆ ಬಿಳಿ ಮಚ್ಚೆ ದೂರದಿಂದಲೇ ಗೊತ್ತಾಗುತ್ತದೆ. ಮೂಗಿನೊಳಗೆ ಸ್ಟೆರಾಯ್ಡ್ ಚುಚ್ಚಿದಾಗ ಅದರ ಕಣ ರಕ್ತನಾಳ ಹಿಡಿದು ಕಣ್ಣಿಗೆ ಹೋಗಿ ದೃಷ್ಟಿ ಕಳೆದುಕೊಂಡ ಪ್ರಕರಣಗಳೂ ಬಲು ಅಪರೂಪಕ್ಕೆ ವರದಿಯಾಗಿವೆ. ಬ್ಯೂಟಿ ಪಾರ್ಲರ್‌ನಲ್ಲಿ ಮಾಡಿಸುವ ಕೆಲಸ ಅಲ್ಲವೇ ಅಲ್ಲ.

ನಾಲ್ಕನೇ ತಿಂಗಳಿಗೆ ಅಕ್ಕ ಮತ್ತೆ ಫೋನ್ ಮಾಡಿದಳು. “ಆ ಸೂಜಿ ಹಾಕಿಸಿಬಿಡೋಣವಾ? ತುದಿ ಇನ್ನೂ ಹಾಗೇ ಇದೆ ಕಣೋ.” ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಹೆಬ್ಬೆರಳಿನಿಂದ ತುದಿಯನ್ನು ಮೆಲ್ಲಗೆ ಒತ್ತಿ ಹಿಡಿದು, ಬಿಟ್ಟು ನೋಡಿದರು. ಒತ್ತಿದ ಕಡೆ ಸಣ್ಣ ತಗ್ಗು ಬಿತ್ತು. “ಇದು ಬರೀ ನೀರು, ನಾರಲ್ಲ. ಸೂಜಿ ಬೇಡ. ರಾತ್ರಿ ಟೇಪ್ ಹಾಕಿ ಮಲಗು, ಕಾಯಿ” ಅಂದರು. ಈಗ ಅವಳು ಪ್ರತಿ ತಿಂಗಳ ಒಂದನೇ ತಾರೀಕು ಅದೇ ಕಿಟಕಿ ಪಕ್ಕ, ಅದೇ ಬೆಳಕಿನಲ್ಲಿ ನಿಂತು ಪಕ್ಕದ ಮುಖದ ಫೋಟೊ ತೆಗೆದು ನನಗೆ ಕಳಿಸುತ್ತಾಳೆ. ಮೊನ್ನೆ ಬಂದದ್ದು ಏಳನೆಯದು. ಎರಡನೆಯದರ ಪಕ್ಕ ಇಟ್ಟು ನೋಡಿದೆ. ಆಲೂಗಡ್ಡೆ ಕರಗುತ್ತಿದೆ.